ತೂಕವಿಲ್ಲದ ಹಗ್ಗ

ಹೊಸ ಟೀಚರ್ ಬಂದದ್ದು ಕೊಟ್ಟಾರಕ್ಕರದಿಂದ,
ರಾತ್ರಿಯ ರೈಲಿಗೆ. ಕಾಸರಗೋಡಿನಲ್ಲಿ ಇಳಿದು, ಬಸ್ಸು ಹಿಡಿದು,
ಕೈಯಲ್ಲೊಂದು ಕೊಡೆ, ಒಂದು ಆರ್ಡರು.
ಫಿಸಿಕ್ಸ್ ಎಂದು ಹೇಳಿದ್ದರಂತೆ.
ಕನ್ನಡ ಎಂದು ಯಾರೂ ಹೇಳಿರಲಿಲ್ಲ.

ಮೊದಲ ಪೀರಿಯಡ್ಡಿಗೇ ಬೋರ್ಡಿನಲ್ಲಿ ಒಂದು ಚೌಕ, ಒಂದು ಬಾಣ.
'ಪಿಂಡಂ, ಪತ್ತು ಕಿಲೋಗ್ರಾಂ.'
ಹಿಂದಿನ ಬೆಂಚಿನಿಂದ ಪುರಂದರ:
'ಟೀಚರ್, ಕಾಗೆ ಕರೆಯುವುದಾ?'
ಇಡೀ ಒಂಬತ್ತನೆಯ ತರಗತಿ ಬಿದ್ದು ಬಿದ್ದು ನಕ್ಕಿತು.
ಮಿಸ್ರಿಯಾ ಮಾತ್ರ ಯಾಕೆಂದು ತಿಳಿಯದೆ
ನಮ್ಮ ಮುಖ ನೋಡಿ ನಕ್ಕಳು.

ಟೀಚರ್ ನನ್ನ ಪುಸ್ತಕ ತೆಗೆದು
ಆ ಶಬ್ದದ ಮೇಲೆ ಬೆರಳಿಟ್ಟರು. ಇದಕ್ಕೆ ನಿಮ್ಮಲ್ಲಿ ಏನು?
'ರಾಶಿ.'
ಈಗ ನಗುವ ಸರದಿ ಅವರದು:
'ಏತು ರಾಶಿ? ಮೀನಮೋ, ಮಕರಮೋ?'

ಹಾಗೆ ಶುರುವಾಯಿತು.
ಅವರ ತ್ವರಣಂ
ನಮ್ಮ ವೇಗೋತ್ಕರ್ಷಕ್ಕಿಂತ ಬೇಗ ಮುಗಿಯುತ್ತಿತ್ತು.
ಬೆಲ್ಲಾಗುವ ಮೊದಲು 'ಮನಸ್ಸಿಲಾಯೋ?'
ಮನಸ್ಸಿಗೆ ಆಗಿತ್ತು ಟೀಚರ್,
ತಲೆಗೆ ಹೋಗಿರಲಿಲ್ಲ.

ಮನೆಯಲ್ಲಿ ಮೂರನೆಯ ಭಾಷೆ.
ಅಪ್ಪ ಐತಪ್ಪ, ಬಾವಿ ತೋಡುವವ.
ಮುಳ್ಳೇರಿಯದಿಂದ ಆದೂರಿನ ತನಕ
ಅವನು ಇಳಿಯದ ಕತ್ತಲೆ ಕಡಿಮೆ.
ನಾನು ಬಲ್ಬಿನ ಕೆಳಗೆ ಗಟ್ಟಿಯಾಗಿ ಓದುತ್ತಿದ್ದೆ:
ಹಗ್ಗಕ್ಕೆ ತೂಕವಿಲ್ಲ ಎಂದು ಭಾವಿಸಿ.
ರಾಟೆಯಲ್ಲಿ ಘರ್ಷಣೆಯಿಲ್ಲ ಎಂದು ಭಾವಿಸಿ.
ಅಪ್ಪ ಬೀಡಿ ಇಳಿಸಿದ.
'ಅಂಥ ಹಗ್ಗ ಯಾವ ಅಂಗಡಿಯಲ್ಲಂತೆ?
ಕೇಳಿಡು. ನನಗೆ ಎರಡು ಸುತ್ತು ಬೇಕು.'
ದುಡ್ಡು ಕೊಡುವವನ ಹಾಗೆ ಚಾಚಿದ ಅಂಗೈಯಲ್ಲಿ
ಪುಸ್ತಕ ಇಲ್ಲವೆಂದ ಘರ್ಷಣೆಯೆಲ್ಲ
ಹಳದಿಯಾಗಿ ಗಟ್ಟಿಕಟ್ಟಿತ್ತು.

ಶನಿವಾರ, ಹೊಸ ಬಾವಿಯ ಅಂಚಿನಲ್ಲಿ
(ಕಟ್ಟೆಯ ಕಲ್ಲು ಇನ್ನೂ ಲಾರಿಯಿಂದ ಇಳಿದಿರಲಿಲ್ಲ)
ಹನ್ನೊಂದನೆಯ ಲೆಕ್ಕ.
ಪುರಂದರನ ಅಣ್ಣನ ಮೊಬೈಲು, ಒಂದು ಮುರಕಲ್ಲ ಚೂರು.
ಅಪ್ಪ ಮೇಲೆ ಬಂದ ಮೇಲೆ,
ಅಪ್ಪ ಮೇಲೆಯೇ ಇದ್ದಾನೆಂದು ಎರಡು ಸಲ ನೋಡಿದ ಮೇಲೆ,
ಬಿಟ್ಟೆ.

ಕೆಂಪು ಹೋಯಿತು, ಕಪ್ಪು ಹೋಯಿತು,

'ಬೂರ್ಂಡ್' ಎಂದ ಅಪ್ಪ,
ನಾನು ಬಟನ್ ಒತ್ತುವ ಮೊದಲೇ.

ಒಂದೂವರೆ ಸೆಕೆಂಡು.
ಜಿ ಅಂದರೆ ಒಂಬತ್ತು ದಶಮಾಂಶ ಎಂಟು.
ಟೀಚರಿಗೆ ಒನ್‌ಪದು, ಎಟ್ಟು. ಅಪ್ಪನಿಗೆ ಒರ್ಂಬ, ಎಣ್ಮ.
ಕಲ್ಲು ಯಾರನ್ನೂ ಕೇಳಿ ಹೋದದ್ದಲ್ಲ.
ಅರ್ಧ ಜಿ, ಟಿ ವರ್ಗ, ಮಣ್ಣಿನ ಮೇಲೆ ಕಡ್ಡಿಯಿಂದ ಗುಣಿಸಿ
ಹನ್ನೊಂದು ಮೀಟರು, ಚಿಲ್ಲರೆ ಎರಡೂವರೆ ಸೆಂಟಿಮೀಟರು.
ಅಪ್ಪ ಕಾಲು ತೊಳೆಯುತ್ತ, ತಿರುಗಿಯೂ ನೋಡದೆ:
'ಹದಿನೈದು ಕೋಲು. ಮೇಲೊಂದು ಗೇಣು.'

ಕೋಲಿಗೆ ಎಪ್ಪತ್ತೆರಡು ಸೆಂಟಿಮೀಟರು.
ಗೇಣನ್ನು ಅವನ ಕೈಯಿಂದಲೇ ಅಳೆದೆ,
ಹೆಬ್ಬೆರಳಿನಿಂದ ಕಿರುಬೆರಳಿಗೆ, ಶಾಲೆಯ ಸ್ಕೇಲಿಟ್ಟು.
ಅವನಿಗೆ ಕಚಗುಳಿಯಾಯಿತು.

ಸೋಮವಾರ ಎರಡೂ ಉತ್ತರ ತೋರಿಸಿದೆ.
ಟೀಚರ್ ಎರಡಕ್ಕೂ ಸರಿ ಹಾಕಿ, ಕೆಳಗೆ
ಮೊದಲ ಸಲ ಕನ್ನಡದಲ್ಲಿ, ನಡುಗುವ ಅಕ್ಷರದಲ್ಲಿ ಬರೆದರು:
'ಗಾಳಿಯ ತಡೆ? ಶಬದ ಮೇಲೆ ಬರಲು ಹಿಡಿದ ಹೊತ್ತು?'
ಶಬ್ದದ ಒತ್ತು ಬಿದ್ದುಹೋಗಿತ್ತು.
ನಾನು ತಿದ್ದಲಿಲ್ಲ.

ಮುಂದಿನ ಜೂನಿಗೆ ಅವರಿಗೂ ವರ್ಗ, ಊರಿಗೆ.
ಕೊಡೆ ಸ್ಟಾಫ್ ರೂಮಿನಲ್ಲೇ ಉಳಿಯಿತು.

ಈಗ ಸಂಜೆ ನನ್ನ ಜಗಲಿಯಲ್ಲಿ ಹನ್ನೆರಡು ಮಕ್ಕಳು, ಟ್ಯೂಷನ್ನಿಗೆ.
ಹಗ್ಗಕ್ಕೆ ತೂಕವಿಲ್ಲ ಎಂದು ಭಾವಿಸಿ, ಎಂಬಲ್ಲಿ
ನಾನು ಸ್ವಲ್ಪ ನಿಲ್ಲುತ್ತೇನೆ.
ಇದೆ, ಎನ್ನುತ್ತೇನೆ. ನೆನೆದರೆ ಇನ್ನೂ ಹೆಚ್ಚು.
ಲೆಕ್ಕ ಮುಗಿಯುವ ತನಕ ಮಾತ್ರ
ಯಾರೋ ಮೇಲೆ ನಿಂತು ಹಿಡಿದುಕೊಂಡಿದ್ದಾರೆ
ಎಂದು ಭಾವಿಸಿ.